ಆಯಿ ಹದಿನೇಳು

ಜೂನ್ ಒಂದಕ್ಕೆ ವೇಳಾಪಟ್ಟಿ ಬರೆದೆ,
ಸ್ಕೇಲಿಟ್ಟು, ಕೆಂಪು ಪೆನ್ನಿನಲ್ಲಿ ಮನೆ ಕೊರೆದು.
ಏಳಕ್ಕೆ ಕನ್ನಡ, ಎಂಟಕ್ಕೆ ಲೆಕ್ಕ,
ಒಂಬತ್ತಕ್ಕೆ ಹತ್ತು ನಿಮಿಷ ಬಿಡುವು.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.
ನಾಲ್ಕೇ ದಿನ, ಪಟ್ಟಿಗೂ
ಒಳಗಿದ್ದ ತಾರ್ಲೆಯ ವಾಸನೆ.

ಶಾಲೆ ಬಿಡಿಸಿದವಳು ನಾನೇ.
ಸೋಹಂ ಅಲ್ಲಿ ಮೂರು ತಿಂಗಳು ತುಟಿ ಬಿಚ್ಚಿರಲಿಲ್ಲ.
ಹಾಜರಿಗೆ ಬರೀ ಕೈ ಎತ್ತುತ್ತಿದ್ದ,
ಬಸ್ಸು ನಿಲ್ಲಿಸುವವನ ಹಾಗೆ.
ಮನೆಯಲ್ಲಿ ಅವನ ಬಾಯಿಗೆ ಬೀಗ ಹಾಕಲು ಜನ ಬೇಕು,
ಆ ಮಾತು ಬೇರೆ.
ರುತುಜಾ ಮರುದಿನವೇ ಚೀಲ ಇಳಿಸಿದಳು:
'ಅವನಿಗೊಂದು ನ್ಯಾಯ, ನನಗೊಂದಾ?'

'ಶಾಲೆಗೆ ಗಂಟೆ ಬೇಕು, ಮಾಸ್ತರಿಗೆ ಬೆತ್ತ ಬೇಕು.
ನಿನ್ನ ಹತ್ತಿರ ಏನುಂಟು?' ಎಂದರು ಅತ್ತೆ.
ನನ್ನ ಹತ್ತಿರ ಒಂದು ಸ್ಟೀಲಿನ ತಾಟು, ಒಂದು ಸೌಟು.
ಏಳಕ್ಕೆ ಸರಿಯಾಗಿ ಬಾರಿಸಿದೆ.
ಮೊದಲ ದಿನ ಓಡಿ ಬಂದದ್ದು ಪಕ್ಕದ ಮನೆ ಬೆಕ್ಕು.
ಎರಡನೆಯ ದಿನ ಬೆಕ್ಕು, ಬೆಕ್ಕಿನ ಹಿಂದೆ ಗಂಡ.

ಗುರುದಾಸನದೂ ತಪ್ಪಲ್ಲ. ಎರಡು ತಿಂಗಳು ಮೀನಿಗೆ ನಿಷೇಧ,
ಬೈತಖೋಲದಲ್ಲಿ ಬೋಟು ಕಟ್ಟಿ ಹಾಕಿ
ಮನೆಯಲ್ಲಿ ತನ್ನನ್ನು ಕಟ್ಟಿ ಹಾಕಲಾರದೆ
ಭಿನ್ನರಾಶಿಯ ನಡುವೆ ಟಿವಿ ಹಚ್ಚುತ್ತಿದ್ದ.
ಅಂಶ ಯಾವುದು, ಛೇದ ಯಾವುದು ಎಂದು ನಾನು ಕಿರುಚುವಾಗ
ಅತ್ತ ಯಾರೋ ಸಿಕ್ಸರ್ ಹೊಡೆಯುತ್ತಿದ್ದರು.

ನಾನೋ?
ಗ್ಯಾಸಿನವನು ಬಂದ, ತಂಗಿಯ ಫೋನು ಬಂತು,
ಹಿಟ್ಟು ಹುಳಿ ಬಂತು, ಬಿಸಿಲು ಬಂತೆಂದು ಬಟ್ಟೆ.
'ಇವತ್ತೊಂದು ದಿನ' ಎಂದೆ.
ಇವತ್ತೊಂದು ದಿನ ಎಂಬುದು ಗೆದ್ದಲಿನ ಹಾಗೆ,
ಒಂದು ಕಣ್ಣಿಗೆ ಬೀಳುವಷ್ಟರಲ್ಲಿ
ಕಂಬ ಆಗಲೇ ಟೊಳ್ಳು.

ರುತುಜಾ ಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನಿಂದ
ಗೀಟು ಹಾಕುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.
ಚಾಪೆಗೆ ತಡವಾಗಿ ಬಂದವರ ಲೆಕ್ಕ.
ತಿಂಗಳ ಕೊನೆಗೆ ಓದಿ ಹೇಳಿದಳು, ಮುಖ ನೋಡದೆ:
ಸೋಹಂ ಒಂಬತ್ತು. ರುತುಜಾ ಆರು.
ಆಯಿ ಹದಿನೇಳು.

ಬೆತ್ತ ಯಾರಿಗೆ ಬೇಕಿತ್ತೆಂದು
ಅತ್ತೆಗೆ ಮೊದಲೇ ಗೊತ್ತಿತ್ತೇನೋ.

ಪಟ್ಟಿ ಕಿತ್ತೆ. ಹೊಸದರಲ್ಲಿ ಒಂದೇ ಸಾಲು:
ಏಳಕ್ಕೆ ಚಾಪೆ.
ಪಾಠ ಇರಲಿ ಬಿಡಲಿ, ಜಗಳವಿರಲಿ,
ಕರೆಂಟು ಹೋಗಿರಲಿ, ಚಾಪೆ.
ಕೆಲವು ದಿನ ಮೂವರೂ ಸುಮ್ಮನೆ ಕೂತು
ಕಾಳಿ ಸೇತುವೆ ದಾಟುವ ಲಾರಿ ಎಣಿಸಿ ಎದ್ದೆವು.

ದೀಪಾವಳಿ ಕಳೆದ ಮೇಲೆ ಅತ್ತೆ
ಖುಬೆ ಹೆಕ್ಕಲು ಹೊಳೆಗೆ ಇಳಿಯತೊಡಗಿದರು.
ನಿನ್ನೆ ಐದಕ್ಕೆ ಹೋದವರು
ಇವತ್ತು ಆರಕ್ಕೆ ಹತ್ತು ನಿಮಿಷ ಇರುವಾಗ.
'ಅಜ್ಜಿಗೂ ಗೀಟು ಹಾಕು' ಎಂದ ಸೋಹಂ.
'ತಡ ಅಲ್ಲ ಪೋರಾ, ಸುಕ್ತಿ. ನೀರು ಇಳಿದಾಗ ನಾನು.'

ಮೂರನೆಯ ದಿನ ಸುಕ್ತಿ
ಏಳರ ಮಗ್ಗುಲಿಗೇ ಬಂದು ಕೂತಿತು.
ಚಾಪೆ ಸುತ್ತಿ ಕೋಡಿಬಾಗದ ದಂಡೆಗೆ ಒಯ್ದೆವು.
ಅವನು ಚಿಪ್ಪು ಜೋಡಿಸಿದ, ಕೆಡಿಸಿದ,
ಐವತ್ತರ ಮಗ್ಗಿಯನ್ನು ಎರಡು ಸಲ ತಪ್ಪಿದ.
ಆಮೇಲೆ ಎದ್ದು ನಿಂತು
ಸೊಂಟದುದ್ದ ನೀರಿನಲ್ಲಿದ್ದ,
ಎಂದೂ ಮಾತಾಡಿಸಿರದ ಹೆಂಗಸರಿಗೆ ಕೂಗಿದ:
'ಹದಿನೈದು ದಿನಕ್ಕೆ ಮತ್ತೆ ಐದಕ್ಕೇ ಬರ್ತದೆ!'

'ಗೊತ್ತುಂಟು ಮಾರಾಯಾ'
ಎಂದಳೊಬ್ಬಳು, ಬೆನ್ನೆತ್ತದೆ.

'ಗೊತ್ತುಂಟಂತೆ ಆಯಿ.' ಕೂತ.
ಕಿವಿಯವರೆಗೂ ಕೆಂಪು, ಹಲ್ಲೆಲ್ಲ ಹೊರಗೆ.
ನಾನು ಸೇತುವೆಯ ಕಡೆ ನೋಡಿದೆ.
ಒಂದು ಲಾರಿಯೂ ಲೆಕ್ಕಕ್ಕೆ ಸಿಗಲಿಲ್ಲ.

ನಿನ್ನೆ ತಲೆ ಒರೆಸುತ್ತ ಬಂದಾಗ
ಗಂಟೆ ಏಳೂ ನಾಲ್ಕು.
ತಾಟು ಸೋಹಂನ ಕೈಯಲ್ಲಿ, ಬೆಕ್ಕು ಹೊಸ್ತಿಲಲ್ಲಿ.
ರುತುಜಾ ಏನೂ ಅನ್ನಲಿಲ್ಲ.
ಈ ತಿಂಗಳ ನನ್ನ ನಾಲ್ಕು ಗೀಟಿನ ಮೇಲೆ
ಐದನೆಯದನ್ನು ಅಡ್ಡ ಎಳೆದು
ಪುಸ್ತಕ ತೆರೆದಳು.