ರೆಂಡಿಟ್ಟಾ

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆಯ ಹಿಂಬದಿ ರಸ್ತೆ.
ನನ್ನದು ಎರಡು ಕಂಪ್ಯೂಟರು, ಒಂದು ಜೆರಾಕ್ಸು.
ಪಹಣಿ, ಆಧಾರ್, ಪಾಸ್‌ಪೋರ್ಟ್ ಸೈಜಿನ ಫೋಟೋ.
ಈ ತಿಂಗಳು ಮಾತ್ರ ಬಾಗಿಲಿಗೆ ಇನ್ನೊಂದು ಚೀಟಿ:
ಸಿಇಟಿ ಆಪ್ಶನ್ ಎಂಟ್ರಿ ಮಾಡಿಕೊಡಲಾಗುತ್ತದೆ.

ರೀಲರ್ ಖಲಂದರ್ ಸಾಬರು ಬಂದರು.
ಬಿಸಿನೀರಲ್ಲಿ ಬೆಂದು ಬೆರಳ ಗೆರೆ ಅಳಿಸಿಹೋದ ಕೈ,
ರೇಷನ್ನಿಗೆ ಹೆಬ್ಬೆಟ್ಟು ಒತ್ತಿ
ಇದೇ ಅಂಗಡಿಯಲ್ಲಿ ಮೂರು ಸಲ ಸೋತದ್ದು.
ಹಿಂದೆ ಮಗಳು ನಸೀಬಾ.
ರ‍್ಯಾಂಕು ಅರವತ್ತೊಂದು ಸಾವಿರದ ಚಿಲ್ಲರೆ, ಅಂದರು.
ಚಿಲ್ಲರೆ ಎಷ್ಟು, ಅಂದೆ.
ನಾನೂರಾ ಏಳು, ಅಂದಳು ಅವಳು,
ಆ ಏಳನ್ನೂ ಬಿಟ್ಟುಕೊಡದವಳ ಹಾಗೆ.

ಟೇಬಲ್ಲಿನ ಮೇಲೆ ಐದು ಪುಸ್ತಕ ಹರಡಿದರು, ನುಣ್ಣನೆ ಕಾಗದ.
ಎಲ್ಲದರಲ್ಲೂ ಹುಲ್ಲು ಅತಿಹಸಿರು,
ಎಲ್ಲದರಲ್ಲೂ ಟೈ ಕಟ್ಟಿದ ಹುಡುಗನೊಬ್ಬ ಮೇಲೆ ನೋಡುತ್ತಾನೆ,
ಮೇಲೆ ಏನಿದೆಯೋ.
ಉದ್ಯೋಗ ಶೇಕಡಾ ತೊಂಬತ್ತೈದು, ತೊಂಬತ್ತೇಳು,
ಒಂದರಲ್ಲಿ ನೂರಕ್ಕೆ ನೂರು, ಪಕ್ಕದಲ್ಲೊಂದು ಪುಟ್ಟ ನಕ್ಷತ್ರ.
ಅದರ ಜೋಡಿಯನ್ನು ಪುಟದ ತಳದಲ್ಲಿ ಹುಡುಕಿದೆ.
ಇರುವೆಯಂಥ ಅಕ್ಷರ: ಅರ್ಹರಾದವರಲ್ಲಿ.

"ಲಾಟಿನ ಮೇಲೆ ಯಾರಾದ್ರೂ ಒಳ್ಳೆ ಗೂಡೇ ಹರಡ್ತಾರೆ ಮೇಡಂ.
ನಾವು ಮೊಳಕೈವರ್ಗೂ ಕೈ ಬಿಡ್ತೀವಿ,
ತಳದಿಂದ ಒಂದು ಹಿಡಿ ತೆಗೀತೀವಿ.
ಕಿವಿ ಹತ್ರ ಅಲ್ಲಾಡ್ಸಿದ್ರೆ ಒಳಗಿರೋ ಹುಳ ಮಾತಾಡ್ಬೇಕು.
ಸತ್ತು ಅಂಟ್ಕೊಂಡಿದ್ರೆ ಮಾತಿಲ್ಲ.
ಇದ್ರಾಗೆ ಕೈ ಎಲ್ಲಿ ಬಿಡೋದು?"
ಅನ್ನುತ್ತ, ನಿಜಕ್ಕೂ, ಒಂದನ್ನೆತ್ತಿ ಕಿವಿಯ ಬಳಿ ಅಲ್ಲಾಡಿಸಿದರು.
"ಅಬ್ಬಾ!" ಅಂದಳು ನಸೀಬಾ. ಬೈಗುಳವೂ ಹೌದು, ಕರೆದದ್ದೂ ಹೌದು.

ಪುಸ್ತಕ ಬಿಚ್ಚಿಕೊಂಡಿತು. ಹನ್ನೊಂದನೇ ಪುಟ.
ಅಂಚೆಚೀಟಿಯಷ್ಟು ಮುಖಗಳು, ಅಡ್ಡಕ್ಕೆ ಎಂಟು, ಉದ್ದಕ್ಕೆ ಹನ್ನೆರಡು.
ಕೆಳಗಿಂದ ಎರಡನೇ ಸಾಲು, ಎಡದಿಂದ ಮೂರನೆಯದು
ನಾನು.
ಆ ಸಾಲಿನ ಹುಡುಗಿಯರೆಲ್ಲರ ಮೈಮೇಲೆ ಅದೇ ಒಂದು ಕೋಟು,
ಕಿತ್ತುಹೋದ ಅದೇ ಗುಂಡಿ.
ಹೇಮಾವತಿ ಎಂ. ಆರ್., ಎಲೆಕ್ಟ್ರಾನಿಕ್ಸ್, ಮೂರೂಕಾಲು ಲಕ್ಷ.

ಆಫರ್ ಪತ್ರ ಬಂದದ್ದು ಸುಳ್ಳಲ್ಲ.
ಸೇರುವ ದಿನ: ಮುಂದೆ ತಿಳಿಸಲಾಗುವುದು.
ಎರಡು ವರ್ಷ ರೀಚಾರ್ಜು ತಪ್ಪಿಸಲಿಲ್ಲ,
ಆ ನಂಬರು ಅವರ ಹತ್ತಿರ ಇತ್ತಲ್ಲ.
ಅದಾಗಿ ಆರು ವರ್ಷ. ಆ ಪುಟದಲ್ಲಿ ನನಗಿನ್ನೂ ಕೆಲಸವಿದೆ.
ಪ್ರತಿ ಜೂನಿಗೆ ಹೊಸದಾಗಿ ಅಚ್ಚಾಗುತ್ತೇನೆ.

ಹೆಬ್ಬೆರಳು ಅಡ್ಡ ಇಡೋಣವೆಂದುಕೊಂಡೆ. ತಡವಾಯಿತು.
"ಇದು ನೀವಲ್ವಾ?"
ಸಾಬರು ಫೋಟೋ ನೋಡಿದರು, ನನ್ನ ನೋಡಿದರು,
ಲ್ಯಾಮಿನೇಶನ್ ಮೆಷಿನ್ನನ್ನೂ ನೋಡಿದರು.
ಅಯ್ಯೋ ಅನ್ನಲಿಲ್ಲ, ಸದ್ಯ.
"ನಿಮ್ಮ ಕ್ಲಾಸಿಂದು ರೆಂಡಿಟ್ಟಾ ಎಷ್ಟು ಬಿತ್ತು?"

ಒಂದು ಕೇಜಿ ನೂಲಿಗೆ ಎಷ್ಟು ಕೇಜಿ ಗೂಡು.
ಬೆರಳು ಮಡಚುತ್ತ ಹೋದೆ.
ಅರವತ್ತಮೂರು ಜನ. ಓದಿದ ಕೆಲಸದಲ್ಲೇ ಇರುವವರು
ಶಾಹೀನ್, ಕದಿರಪ್ಪನ ಮಗ, ಕೋಲಾರದ ಅವಳಿಗಳು...
ಒಂಬತ್ತು.
"ಏಳು," ಅಂದೆ.
"ಏಳಾ? ಮಳೆಗಾಲದ ಮಾಲಿಗೆ ಮೋಸ ಇಲ್ಲ ಬಿಡಿ."
ಸಮಾಧಾನ ಹೇಳಿದರೋ ಲೆಕ್ಕ ಹೇಳಿದರೋ.
"ಮಿಕ್ಕಿದ್ದೂ ನಾವು ಎಸೆಯಲ್ಲ. ಹುಳ ಎಣ್ಣೆಗೆ ಹೋಗುತ್ತೆ,
ವೇಸ್ಟು ಬೇರೆ ನೂಲಿಗೆ."
ನಾನು ಪ್ರಿಂಟರಿಗೆ ಕಾಗದ ತುಂಬಿದೆ.

ಒಂದನೇ ಆಪ್ಶನ್ ಸರ್ಕಾರಿ ಕಾಲೇಜು, ಸಿಗಲ್ಲ ಅಂತ ಮೂವರಿಗೂ ಗೊತ್ತು.
ಎರಡು, ಮೂರು, ನಾಲ್ಕು.
ನನ್ನ ಕಾಲೇಜನ್ನು ತೆಗೆದುಬಿಡಲಾ, ಅಂದೆ.
ಯೋಚಿಸಿ, "ಹದಿನಾಲ್ಕಕ್ಕೆ ಇರಲಿ," ಅಂದಳು ನಸೀಬಾ.

ಆಗಲೇ ಕರೆಂಟು ಹೋಯಿತು.
ಫ್ಯಾನು ನಿಂತಿತು, ಬೀದಿಯ ಮಗ್ಗುಲಿಗೆ ಎಲ್ಲ ಅಂಗಡಿಯೂ ಕಪ್ಪು.
ಪರದೆ ಮಾತ್ರ ಉರಿಯುತ್ತಲೇ ಇತ್ತು, ಅವಳ ಹದಿನಾಲ್ಕು ಸಾಲಿನ ಸಮೇತ.
ಟೇಬಲ್ಲಿನ ಕೆಳಗೆ ಬಗ್ಗಿದಳು:
ಹಳೇ ಬ್ಯಾಟರಿ, ಬಿಸ್ಕತ್ತಿನ ಡಬ್ಬಿಯೊಳಗೆ ಬೆಸುಗೆ ಹಾಕಿದ ಬೋರ್ಡು,
ಮಿಟುಕುವ ಒಂದು ಹಸಿರು ಚುಕ್ಕೆ.
"ಇದನ್ಯಾರು ಕಟ್ಟಿದ್ದು?"

ನಾನು.