ತಳದ ಗೆರೆ

ಮೇಲ್ಮನೆಗೆ ಬಾಡಿಗೆಗೆ ಬಂದ ತಬಸ್ಸುಮ್
ಪಾಲಿಟೆಕ್ನಿಕ್ಕಿನ ಕೊನೇ ವರ್ಷಕ್ಕೆ ಬರೆದ ಲೆಕ್ಕ ಅದು:
ಹೊತ್ತಿಗೊಂದು ದರ ಬಂದರೆ ಮನೆಗೆಷ್ಟು ಬಿಲ್ಲು?
ಪರೀಕ್ಷೆ ಮಾಡಲಿಕ್ಕೆ ಒಂದು ಮನೆ ಬೇಕಿತ್ತು.
'ನಿಮ್ಮದೇ ಇರಲಿ ಆಂಟಿ, ನಿಮ್ಮಲ್ಲಿ ಗ್ರೈಂಡರ್ ಇದೆಯಲ್ಲ.'

ಇದೆ. ದಿನಕ್ಕೆ ಹದಿನೆಂಟು ಸೇರು ಇಡ್ಲಿ ಹಿಟ್ಟು,
ಚಿಂತಾಮಣಿ ಬಸ್ ಸ್ಟ್ಯಾಂಡಿನ ಎರಡು ಹೋಟೆಲಿಗೆ,
ಹುಡುಗರ ಮೆಸ್ಸೊಂದಕ್ಕೆ.
ಮೀಟರಿನ ತಂತಿಗೆ ಅವಳು ಕಚ್ಚಿಸಿದ ಕ್ಲಿಪ್ಪು
ಹತ್ತು ದಿನ ನಮ್ಮನ್ನು ಎಣಿಸಿತು.
ಆರರಿಂದ ಒಂಬತ್ತು, ಅವಳ ಪರದೆಯಲ್ಲಿ ಕೆಂಪು ಹೊತ್ತು;
ಕೈವಾರದ ಬೆಟ್ಟದ ಹಾಗೆ
ಎದ್ದು ನಿಂತಿತ್ತು ನನ್ನ ಸಂಜೆ.

ಒಂದೊಂದು ಸಾಮಾನಿನ ಮುಂದೂ ಅದೇ ಪ್ರಶ್ನೆ:
ಸರಿಸಬಹುದೇ, ಸರಿಸಲಾಗದೇ?

ಸಂಪಿನ ಮೋಟಾರು: ಸರಿಸಬಹುದು,
ನೀರು ಬಿಡುವವನು ಒಪ್ಪಿದರೆ.
ಟೀವಿ: ಅತ್ತೆ ತಲೆ ಅಡ್ಡ ಆಡಿಸಿದರು.
ಎಂಟೂವರೆ ಧಾರಾವಾಹಿಯನ್ನು
ಮೊದಲು ಸರ್ಕಾರ ಸರಿಸಲಿ, ಆಮೇಲೆ ನೋಡೋಣ.
ಗ್ರೈಂಡರ್: ಸರಿಸಬಹುದು, ರಾತ್ರಿ ಹತ್ತರ ಮೇಲಕ್ಕೆ,
ಜೊತೆಗೆ ನನ್ನ ನಿದ್ದೆಯೂ ಸರಿಯಬೇಕು.
'ನಿದ್ದೆಗೆ ದರ ಹಾಕೋ ಕಾಲಂ ಇಲ್ಲವೇನೇ?'
ನಕ್ಕಳು. ಇಲ್ಲ.
ಹಿಟ್ಟು ಉಬ್ಬಲು ಎಷ್ಟು ತಾಸು ಬೇಕು
ಅನ್ನುವುದಕ್ಕೂ ಇಲ್ಲ.

ಆಮೇಲೆ ಬೆರಳಿಟ್ಟು ಕೇಳಿದಳು:
'ಗುಡ್ಡಗಳ ಬುಡದಲ್ಲಿ, ಹಗಲೂ ರಾತ್ರಿಯೂ
ನೂಲು ಹಿಡಿದ ಹಾಗೆ ಈ ಗೆರೆ, ಮುನ್ನೂರು ವ್ಯಾಟು,
ಇದೇನಾಂಟಿ, ಫ್ರಿಜ್ಜಾ?'

ಒಳಕೋಣೆ ಬಾಗಿಲು ತಳ್ಳಿ ತೋರಿಸಿದೆ.
ಮೂವತ್ತು ವರ್ಷ ಕ್ವಾರಿಯಲ್ಲಿ ಕಲ್ಲು ಕೊರೆದ ಮಾವ.
ಕಲ್ಲಿನ ಹಿಟ್ಟು ಎದೆಯೊಳಗೇ ಕೂತಿದೆ.
ಮೂಗಿಗೆ ಕೊಳವೆ. ಮಗ್ಗುಲಲ್ಲಿ
ಗಾಳಿ ಸೋಸುವ ಪೆಟ್ಟಿಗೆ, ಮುದಿ ಬೆಕ್ಕಿನ ಗುರುಗುರು.
'ಯಾರಮ್ಮಾ?'
'ಮೇಲ್ಮನೆ ಹುಡುಗಿ ಮಾವ, ಕರೆಂಟಿನ ಲೆಕ್ಕ.'
ಸ್ವಲ್ಪ ಹೊತ್ತು ಬಿಟ್ಟು ಅಂದರು:
'ನಾನು ಜಾಸ್ತಿ ತಿಂತಿದೀನಾ?'

ತಬಸ್ಸುಮ್ ಏನೂ ಗುರುತು ಹಾಕದೆ
ಪರದೆಯನ್ನು ಮೇಲಕ್ಕೆ ತಳ್ಳಿದಳು, ಸುಮ್ಮನೆ,
ಕೈಗೆ ಏನಾದರೂ ಕೆಲಸ ಬೇಕು ಅಂತ.
ಮಂಗಳವಾರ ಬಂತು. ರಾತ್ರಿ ಎರಡು ಹತ್ತು.
ಗೆರೆ ನೆಲಕ್ಕೆ ಬಿದ್ದಿದೆ.
ಏಳು ನಿಮಿಷ. ಹಸಿರು ಬಣ್ಣ.
ಖರ್ಚು ಸೊನ್ನೆ, ವಾರದಲ್ಲೇ ಉತ್ತಮ.

ಯುಪಿಎಸ್ ಬ್ಯಾಟರಿ ರಿಪೇರಿಗೆ ಹೋಗಿದ್ದ ವಾರ ಅದು.
ನಮ್ಮನೆಯವರು ಕತ್ತಲಲ್ಲಿ
ಸಿಲಿಂಡರಿನ ಕೀಲಿಗೆ ತಡಕಾಡುತ್ತಿದ್ದರು.
ನಾನು ಮಾವನ ಬೆನ್ನನ್ನು ಎದೆಗಾನಿಸಿ ಕೂತು
ಎಣಿಸುತ್ತಿದ್ದೆ, ಎಣಿಸಿದರೆ ನಿಲ್ಲುವುದಿಲ್ಲ ಅನ್ನುವ ಹಾಗೆ.
ಇನ್ನೂರ ಹನ್ನೊಂದಕ್ಕೆ ಪೆಟ್ಟಿಗೆ ಮತ್ತೆ ಗುರುಗುಟ್ಟಿತು.

'ಬಣ್ಣ ಬದಲಾಯಿಸ್ತೀನಿ ಆಂಟಿ' ಅಂದಳು.
ಯಾವ ಬಣ್ಣಕ್ಕೆ ಅಂತ ಅವಳಿಗೂ ಗೊತ್ತಾದಂತೆ ಕಾಣಲಿಲ್ಲ.

ತಿಂಗಳಿಗೆ ನೂರ ಮೂವತ್ತು ಉಳಿಯುತ್ತದಂತೆ.
ಉಳಿಯಲಿ.
ಉದ್ದು ತೊಳೆಯಲು ಎದ್ದೆ,
ಹತ್ತಕ್ಕೆ ಇನ್ನೂ ಮೂರು ತಾಸಿತ್ತು.