ಇಳಿತದ ಗೆರೆ

ಹನ್ನೊಂದೂ ಕಾಲಿಗೆ ನೀರು ತೀರಾ ತಳ ಕಾಣುತ್ತದೆ,
ಹಾಗೆಂದು ಪಟ್ಟಿಯಲ್ಲಿದೆ.
ಕಂಬ, ಬ್ಯಾಟರಿ, ಆಂಟೆನಾ ಹೆಗಲಿಗೇರಿಸಿ
ಮೊಣಕಾಲುದ್ದ ಬೆಳಕಿಗೆ ಇಳಿದೆ.
ಕಿರಿಬಾಸ್‌ನ ನಕಾಶೆಯಲ್ಲಿ ಈ ದ್ವೀಪ
ನೊಣ ಕೂತು ಎದ್ದುಹೋದ ಗುರುತು.
ಮೂವತ್ತೊಂದು ಮನೆ, ಕೇದಿಗೆ ಗರಿಯ ಮಾಡು,
ಅಂಗಳದಲ್ಲೇ ಗೋರಿ, ಗೋರಿಯ ನೆರಳಲ್ಲಿ ಹಂದಿ.

ನನ್ನ ಕೆಲಸ ಸಣ್ಣದು.
ಇಳಿತದಲ್ಲಿ ಹವಳದ ಬಂಡೆ ಎಲ್ಲಿಯವರೆಗೆ ಬೆನ್ನು ತೋರುತ್ತದೋ
ಅಲ್ಲೊಂದು ಬಿಂದು.
ಅಲ್ಲಿಂದಾಚೆ ಇನ್ನೂರು ಮೈಲಿ ಕಡಲು ನಮ್ಮದು,
ಅದರಲ್ಲಿ ಹಾಯುವ ಟ್ಯೂನಾ ನಮ್ಮದು,
ಪರದೇಶದ ಹಡಗು ಬಲೆ ಬೀಸಲು ಕೊಡುವ ದುಡ್ಡು
ನಮ್ಮ ಶಾಲೆಯ ಚಾವಣಿ.
ನೆಲ ಹೋದರೂ ಬಿಂದು ಹೋಗಕೂಡದೆಂದು
ಗೆಳೆಯ ಇಯೆರೆಮಿಯಾ ಜಿನೀವಾದಲ್ಲಿ
ಕೋಟು ಕಡ ತಂದು ತೊಟ್ಟು ಕೂತಿದ್ದಾನೆ.
ಮೂರು ರಾತ್ರಿಯಿಂದ ಒಂದೇ ಪದದ ಜಗ್ಗಾಟ:
ಹಳೆಯ ಗೆರೆಯನ್ನು ದೇಶಗಳು
‘ಮನ್ನಿಸತಕ್ಕದ್ದು’ ಎನ್ನುವುದೋ
‘ಮನ್ನಿಸಬಹುದು’ ಎನ್ನುವುದೋ.

ನೇ ತೆರೆತಿಯಾ ಆಗಲೇ ಅಲ್ಲಿದ್ದಳು,
ಸೊಂಟಕ್ಕೆ ಸಿಮೆಂಟು ಚೀಲ ಕಟ್ಟಿಕೊಂಡು
ಮರುವಾಯಿ ಹೆಕ್ಕುತ್ತ.
ಏನು ಮಾಡುತ್ತೀ ಎಂದಳು. ಹೇಳಿದೆ.
ನಕ್ಕಳು. ಹಲ್ಲು ನಾಲ್ಕೋ ಐದೋ.
“ತುದಿ ತಾನೇ ಬೇಕು? ಅಕೋ, ಅಲ್ಲಿ.”

ಅವಳು ತೋರಿದ್ದು ಕಲ್ಲಿನ ಮೀನುಬೋನು,
ಬಾಣದ ಮೊನೆಯ ಹಾಗೆ ಕಡಲಿಗೆ ಚಾಚಿದ ಗೋಡೆ.
ಗಂಡ ತೊಕಾತಾಕೆ ಕಟ್ಟಿದ್ದು,
ಮೊದಲ ಸಾಲು ಅವನ ಅಪ್ಪನದು.
ಅದರ ಕೊನೆಯ ಕಲ್ಲು, ಒಣಗಿ, ಬೆಳ್ಳಗೆ,
ಬಂಡೆಗಿಂತ ನಲವತ್ತು ಮೀಟರ್ ಆಚೆ.

ಕೈಯಿಂದ ಇಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ ಅಜ್ಜಿ,
ತಾನಾಗಿ ಇದ್ದದ್ದು ಮಾತ್ರ.

“ಓ” ಎಂದಳು. ಮತ್ತೆ ಬಗ್ಗಿದಳು.
ಆಮೇಲೆ, ಬಗ್ಗಿದಲ್ಲಿಂದಲೇ:
“ಈ ನೀರು ತಾನಾಗಿ ಏರುತ್ತಿದೆಯೋ?”

ಕಂಬವನ್ನು ಹಿಂದಕ್ಕೆ ತಂದು ಬಂಡೆಯ ಮೇಲೆ ನೆಟ್ಟೆ.
ಗಾಜಿನೊಳಗಿನ ಗುಳ್ಳೆ ನಡುವಿಗೆ ಬರುವವರೆಗೆ
ಉಸಿರು ಬಿಗಿಹಿಡಿದೆ.
ಉಪಗ್ರಹ ಹದಿನಾಲ್ಕು. ತಪ್ಪಿದರೆ ಎರಡು ಸೆಂಟಿಮೀಟರ್.
ಅಷ್ಟರಲ್ಲಿ ನೀರು ತಿರುಗಿತು,
ಪಟ್ಟಿಗಿಂತ ಆರು ನಿಮಿಷ ಮೊದಲೇ.

ಹೋಗಗೊಡಲಿಲ್ಲ ಅವಳು.
ಮಣಿಕಟ್ಟು ಹಿಡಿದು ಮನೆಯ ಹಿತ್ತಿಲಿಗೆ ಎಳೆದೊಯ್ದಳು
ಕೆಸುವಿನ ಗುಂಡಿ ತೋರಿಸಲು.
ಆಳೆತ್ತರದ ಎಲೆ ನಿಂತಿದ್ದ ಜಾಗ,
ಈಗ ಅಂಚು ಸುಟ್ಟ ಹಳದಿ ಕಿವಿಗಳು,
ತಳದಲ್ಲಿ ಉಪ್ಪಿನ ಕೆನೆ.
ಮದುವೆಗೆ, ಸಾವಿಗೆ, ಮೊದಲ ಮೊಮ್ಮಗ ಹುಟ್ಟಿದ ದಿನ
ಗೆಡ್ಡೆ ಕಿತ್ತದ್ದು ಇಲ್ಲಿಂದಲೇ.
ಈಗ ಟಿನ್ನಿನ ಮಾಂಸ, ಅಕ್ಕಿ, ಹಡಗು ಬಂದರೆ.
“ಇದನ್ನೂ ಅಳೆ.”

ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ.
ಅಳೆದೆ.
ಅಗಲ ಒಂಬತ್ತು ಹೆಜ್ಜೆ, ಆಳ ಅವಳ ಎದೆಮಟ್ಟ,
ನೀರಿನ ರುಚಿ: ನಾಲಗೆಗೆ ಹಚ್ಚಿ ಉಗಿದೆ.

ದೊಡ್ಡ ದ್ವೀಪ ಹತ್ತಿರವಾಗಿ ಫೋನು ಕಣ್ಣು ಬಿಟ್ಟಾಗ
ಇಯೆರೆಮಿಯಾನ ಸಂದೇಶ:
‘ಬಹುದು’ ಎಂದೇ ಆಯಿತು. ಇಲ್ಲಿ ಬೆಳಕು ಹರಿದಿದೆ.
ಕೋಟು ಕೊಟ್ಟು ಮಲಗುತ್ತೇನೆ.

ದೋಣಿಯ ಎಂಜಿನ್ ನಿಲ್ಲಿಸಿ
ಹಾಳೆಯ ಕಟ್ಟಕಡೆಗೆ, ಷರಾ ಎಂದಿರುವಲ್ಲಿ,
ಪೆನ್ಸಿಲಿನಿಂದ ಬರೆದೆ:

ಕೊನೆಯ ಕಲ್ಲು ಬಂಡೆಗಿಂತ ನಲವತ್ತು ಮೀಟರ್ ಆಚೆ.
ಇಟ್ಟವರು ತೊಕಾತಾಕೆ, ಅವನ ಅಪ್ಪ.
ನಾನು ಕಂಡ ದಿನ ಒಣಗಿತ್ತು.